ಅದೇ ಮುಖ — ಒಂಬತ್ತನೆಯ ಕಂತು: ಮಾಲೆ ಹಾಕದ ಫೋಟೋ

ಪರದೆಯ ಮೇಲೆ ಸುಶ್ಮಿತಾ ಮತ್ತೊಮ್ಮೆ ತಲೆ ಎತ್ತಿ ನೋಡಿದಳು.

ಬೆಟಗೇರಿಯ ಆ ಸ್ಟುಡಿಯೋದಲ್ಲಿ ಹಾಡಹಗಲಲ್ಲೇ ಕತ್ತಲೆ. ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲಿಗೆ ಹಳೆಯ ಕಂಬಳಿ. ಹೊರಗೆ ಓಣಿಯ ಮಗ್ಗಗಳು ಕಟಕಟ ಸದ್ದು ಮಾಡುತ್ತಿದ್ದವು. ಒಳಗೆ ಆ ಮುಖ ರೆಪ್ಪೆ ಬಡಿಯಿತು, ತುಟಿ ಸ್ವಲ್ಪ ತೆರೆಯಿತು, ಅಷ್ಟಕ್ಕೆ ಮುಗಿಯಿತು. ಮುಂದೆ ತೆರೆದ ಹಿತ್ತಲ ಬಾಗಿಲು. ಅದರ ಮುಂದೆ ಬಾವಿ, ಬಾವಿಯ ಹಸಿರು ನೀರು.

"ಇನ್ನೊಮ್ಮೆ ಹಾಕು," ಎಂದಳು ಶಿವರಂಜನಿ.

"ಮ್ಯಾಡಮ್, ಮದುವಿ ಮನಿಯವರೂ ತಮ್ಮ ವಿಡಿಯೋ ಇಷ್ಟು ಸಲ ನೋಡಂಗಿಲ್ಲರಿ," ಎಂದ ಇಜಾಜ. ಸ್ಟುಡಿಯೋ ಅವನದು. ಸುತ್ತಲಿನ ನಾಲ್ಕು ತಾಲೂಕಿನ ಮದುವೆಗಳ ಅಳು, ನಗು, ಅಕ್ಷತೆಗಳೆಲ್ಲ ಅವನ ಕಂಪ್ಯೂಟರಿನಲ್ಲಿ ಹಾದು ಹೋಗಬೇಕು.

ಶಿವರಂಜನಿ ಮೊದಲು ವಿಮಾ ಕಂಪನಿಗಳ ಪರವಾಗಿ ಸುಳ್ಳು ಕ್ಲೇಮು ಪತ್ತೆ ಮಾಡುತ್ತಿದ್ದವಳು. ಈಗ ಗದಗ ಸ್ಟೇಶನ್ನಿನ ಎದುರು ಸ್ವಂತ ಪತ್ತೇದಾರಿ ಆಫೀಸು ತೆರೆದು ಕುಳಿತವಳು. ಈ ಕೇಸು ಅವಳ ಕೊರಳಿಗೆ ಬಿದ್ದದ್ದು ಶಿರಹಟ್ಟಿಯ ಮುದುಕವ್ವನಿಂದ. ಹಿರೇವಡ್ಡಟ್ಟಿಯ ಸಾಹುಕಾರ ವಿರೂಪಾಕ್ಷಪ್ಪನ ಮಗ ಕೊಟ್ರೇಶನ ಮದುವೆಯ ದಿನ, ಅಕ್ಷತೆ ಬೀಳುವ ಹೊತ್ತಿಗೆ, ಅವನ ತಂಗಿ ಸುಶ್ಮಿತಾ ಕಾಣೆಯಾದಳು. ಚಪ್ಪಲಿ ಹಿತ್ತಲ ಬಾವಿಯಲ್ಲಿ ತೇಲಿತು. ಬಾವಿಯ ತಳ ಯಾರಿಗೂ ಸಿಕ್ಕಿಲ್ಲ, ಹೆಣವೂ ಸಿಕ್ಕಿಲ್ಲ. ಹಂದರ ಹಾಕಲು ಬಂದಿದ್ದ ಮುದುಕವ್ವನ ಮಗ ಹೊನ್ನೇಶ ಮಾತ್ರ ಜೈಲು ಸೇರಿದ.

ಅವನನ್ನು ಜೈಲಿಗೆ ಹಾಕಿದ್ದು ಒಂದು ಪೆನ್‌ಡ್ರೈವು. ಯಾರೋ ಹೆಸರು ಹಾಕದೆ ಪೊಲೀಸರಿಗೆ ಕಳಿಸಿದ್ದರು. ಅದರಲ್ಲಿ ನಾಲ್ಕೇ ತುಣುಕು: ಕುಡಗೋಲು ಹಿಡಿದ ಹೊನ್ನೇಶ, ಸುಶ್ಮಿತಾಳ ಮುಖ, ತೆರೆದ ಹಿತ್ತಲ ಬಾಗಿಲು, ಬಾವಿ. ನೋಡಿದವರೆಲ್ಲ ಕೊಲೆಯನ್ನೇ ಕಣ್ಣಾರೆ ಕಂಡವರಂತೆ ಹೌಹಾರಿದ್ದರು.

ಎರಡನೆಯ ಪೆನ್‌ಡ್ರೈವು ಮೊನ್ನೆ ಶಿವರಂಜನಿಯ ಆಫೀಸಿನ ಬಾಗಿಲಿಗೇ ಬಂದಿತ್ತು. ಅದರಲ್ಲಿ ಹೊನ್ನೇಶನ ಜಾಗದಲ್ಲಿ ಬೆರಳೆತ್ತಿ ಅಬ್ಬರಿಸುವ ವಿರೂಪಾಕ್ಷಪ್ಪ. ಉಳಿದದ್ದೆಲ್ಲ ಅದೇ: ಅದೇ ಮುಖ, ಅದೇ ಬಾಗಿಲು, ಅದೇ ಬಾವಿ. ಈ ಸಲ ಕೊಲೆಗಾರ ಹೆತ್ತ ಅಪ್ಪ.

"ಇವು ನೀ ತಗದಿದ್ದ ಹೌದಲ್ಲೋ?" ಎಂದು ಶಿವರಂಜನಿ ಕೇಳಿದಳು.

"ನನ್ನವ ರೀ. ಆದ್ರ ಹಿಂಗ ಪೋಣಿಸಿದ್ದು ನಾನಲ್ಲ." ಇಜಾಜನ ಮುಖ ಕೆಂಪಾಯಿತು. "ಹೊನ್ನೇಶ ಕುಡಗೋಲು ಹಿಡದಿದ್ದು ಬಾಳಿಕಂಬ ಕಡಿಯಾಕ. ಸಾಹುಕಾರ್ರು ಬೈದಿದ್ದು ಅಡಗಿಯವರಿಗೆ, ಸಾರಿಗೆ ಉಪ್ಪು ಹೆಚ್ಚಾಗಿತ್ತು ಅಂತ. ಬಾಗಲಾ, ಬಾವಿ ಹಿಂದಿನ ದಿನ ತಗದಿದ್ದು, ಮನಿ ಚಂದ ತೋರಸಾಕ. ಮದುವಿ ಮನಿಯವರು ಕತ್ತರಿಸದ ಹಸಿ ಫೈಲು ಎಲ್ಲಾ ಬೇಕಂದ್ರು, ಕೊಟ್ಟೆ. ಅವು ಊರ ತುಂಬ ವಾಟ್ಸಾಪ್‌ನ್ಯಾಗ ಓಡ್ಯಾಡ್ಯಾವ."

"ಮುಖ?"

ಇಜಾಜ ಮೌಸಿನಿಂದ ಕೈ ತೆಗೆದ. "ಅದೊಂದು ನಂದಲ್ಲರಿ. ನನ್ನ ಕ್ಯಾಮೆರಾ ಕಾರ್ಡಿನ್ಯಾಗ ಈ ಮುಖ ಇಲ್ಲ. ಇದು ಫೋನಿನ್ಯಾಗ ತಗದಿದ್ದು."

ಎರಡೂ ಕಥೆ ನಿಂತಿದ್ದೇ ಆ ಮುಖದ ಮೇಲೆ. ಅದನ್ನು ತೆಗೆದುಬಿಟ್ಟರೆ ಒಬ್ಬ ಬಾಳೆ ಕಡಿಯುವವನು, ಒಬ್ಬ ಉಪ್ಪಿಗೆ ಸಿಟ್ಟಾದವನು, ಒಂದು ಬಾಗಿಲು, ಒಂದು ಬಾವಿ. ಇಷ್ಟಕ್ಕೆ ಯಾರನ್ನೂ ಜೈಲಿಗೆ ಹಾಕಲಾಗದು.

ಅಷ್ಟರಲ್ಲಿ ಕಂಬಳಿ ಸರಿಸಿ ಇಜಾಜನ ತಾಯಿ ಮಾಸುಮಬಿ ಚಹಾ ತಂದಳು. ಅವಳ ಹಿಂದೆಯೇ, ಕಪ್ಪು ಹಿಡಿಯುವ ನೆಪದಲ್ಲಿ, ಶಿವರಂಜನಿಯ ಡ್ರೈವರ್ ಹನಮಂತ ಒಳಗೆ ಬಂದು ಮೂಲೆಗೆ ನಿಂತ. ಬಿಂಕದಕಟ್ಟಿಯವನು. ಈ ಕೇಸು ಹಿಡಿದ ವಾರದಲ್ಲೇ ತಾನಾಗಿ ಬಂದು, "ಗಾಡಿ ಬೇಕೇನ್ರಿ ಮ್ಯಾಡಮ್," ಎಂದು ಕೇಳಿದ್ದ. ಹೊತ್ತಿಗೆ ಸರಿಯಾಗಿ ಬರುತ್ತಾನೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾನೆ. ಬಾಯಿಬಡುಕರ ಈ ಜಿಲ್ಲೆಯಲ್ಲಿ ಅಂಥ ಡ್ರೈವರ್ ಸಿಗುವುದು ಪುಣ್ಯ ಎಂದೇ ಅವಳು ತಿಳಿದಿದ್ದಳು.

ಶಿವರಂಜನಿಗೆ ಒಂದು ಹಟ ಬಂತು.

"ಚಾಚಿ, ಇಲ್ಲೆ ನಿಂದರ್ರಿ. ಇದನ್ನ ನೋಡಿ, ಈ ಹುಡುಗಿಗೆ ಏನಾಗೈತಿ ಹೇಳ್ರಿ."

ಇಜಾಜ ಮೊದಲ ಜೋಡಣೆ ಓಡಿಸಿದ. ಕುಡಗೋಲು, ಮುಖ. ಮಾಸುಮಬಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಯಾ ಅಲ್ಲಾ! ಹೆದರಿ ನೀರಾಗ್ಯಾಳ ಕೂಸು."

ಎರಡನೆಯದು. ಬೈಯುವ ಅಪ್ಪ, ಮುಖ. "ಅಪ್ಪನ ಮ್ಯಾಲ ಸಿಟ್ಟ ಐತಿ. ನೋಡು, ಕಣ್ಣು ಹ್ಯಾಂಗ ಮಾಡ್ಯಾಳ."

"ಈಗ ಮುಖಕ್ಕಿಂತ ಮೊದಲ ಹೋಳಿಗಿ ತಾಟು ಇಡು," ಎಂದಳು ಶಿವರಂಜನಿ. ಇಜಾಜ ನಕ್ಕು, ಊಟದ ಪಂಕ್ತಿಯ ಒಂದು ತುಣುಕು ಕತ್ತರಿಸಿ ಅಂಟಿಸಿದ. ತುಪ್ಪ ಸುರಿದ ಹೋಳಿಗೆ, ಆಮೇಲೆ ಸುಶ್ಮಿತಾ.

"ಅಯ್ಯ, ಹಸದಾಳ ಪಾಪ!" ಮಾಸುಮಬಿ ಮರುಗಿದಳು. "ಸ್ವಂತ ಅಣ್ಣನ ಮದುವ್ಯಾಗ ಯಾರೂ ಊಟಕ್ಕ ಕರದಿಲ್ಲೇನು?"

ಮೂರು ಸಲವೂ ಮುಖ ಒಂದೇ. ರೆಪ್ಪೆ ಬಡಿದದ್ದೂ ಒಂದೇ. ಆದರೂ ಹೆದರಿದವಳು, ಸಿಟ್ಟಾದವಳು, ಹಸಿದವಳು ಎಂದು ಮೂವರು ಹುಡುಗಿಯರು ಆ ಪರದೆಯ ಮೇಲೆ ಬಂದುಹೋದರು. ಶಿವರಂಜನಿಗೂ ಹಾಗೇ ಕಂಡಿತ್ತು. ಮೋಸ ಎಂದು ತಿಳಿದೂ ಕಣ್ಣು ಮೋಸ ಹೋಗುತ್ತಿತ್ತು, ಅದೇ ಅವಳಿಗೆ ಹೆದರಿಕೆ ತಂದದ್ದು.

"ನಿನಗ ಹ್ಯಾಂಗ ಕಂಡಿತೋ ಹನಮಂತ?"

ಹನಮಂತ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗುರ್ತು ಹಿಡದಾಳರಿ."

"ಯಾವುದರಾಗ? ಕುಡಗೋಲಿನ್ಯಾಗೋ, ಹೋಳಿಗ್ಯಾಗೋ?"

"ಎಲ್ಲಾದರಾಗೂ ರೀ. ಯಾರನ್ನೋ ಗುರ್ತು ಹಿಡದಾಳ."

ಇಜಾಜ ಕಿಸಕ್ಕೆಂದ. "ಇವ್ನ ಮುಂದ ಪಿಚ್ಚರ್ ತೋರಸೋದಂದ್ರ ಎಮ್ಮಿ ಮ್ಯಾಲ ಮಳಿ ಸುರದಂಗ ನೋಡ್ರಿ." ಶಿವರಂಜನಿಯೂ ನಕ್ಕಳು. ಹನಮಂತ ನಗಲಿಲ್ಲ, ಖಾಲಿ ಕಪ್ಪು ಎತ್ತಿಕೊಂಡು ಹೊರಗೆ ಹೋದ.

"ಬರೇ ಮುಖ ನಿಲ್ಲಿಸು. ಮುಖ ಬಿಟ್ಟು ಹಿಂದಿಂದು ತೋರಸು."

ಇಷ್ಟು ದಿನ ಎಲ್ಲರೂ ಕಣ್ಣನ್ನೇ ನೋಡಿದ್ದರು. ಇಜಾಜ ಚಿತ್ರ ದೊಡ್ಡದು ಮಾಡಿ ಬೆಳಕು ಏರಿಸಿದ. ಹುಡುಗಿಯ ಕಿವಿಯ ಪಕ್ಕ, ಮಸುಕಾಗಿ, ಒಂದು ಕಟ್ಟಿಗೆಯ ಕಂಬ. ಕಂಬಕ್ಕೆ ಏನೋ ಕಟ್ಟಿದೆ. ಮುತ್ತಿನ ಸಾಲು, ಬೇಗಡೆಯ ಹೊಳಪು, ಎರಡು ಗೊಂಡೆ. ಒಂದು ಗೊಂಡೆಗೆ ಬೇರೆ ಬಣ್ಣದ ದಾರ. ಹಸಿರು.

"ಬಾಸಿಂಗ," ಎಂದಳು ಶಿವರಂಜನಿ. "ಅಕ್ಷತಿ ಹೊತ್ತಿನ ಶಾಟ್ ತಗಿ. ಮದುಮಗಳ ಹಣಿ."

ಅಕ್ಷತೆಯ ಮಳೆಯಲ್ಲಿ ಮದುಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಹಣೆಗೆ ಅದೇ ಬಾಸಿಂಗ. ಹರಿದ ಗೊಂಡೆಯನ್ನು ಯಾರೋ ಅವಸರದಲ್ಲಿ ಹಸಿರು ದಾರದಿಂದ ಬಿಗಿದಿದ್ದರು.

ಈ ಸೀಮೆಯಲ್ಲಿ ಮದುವೆ ಮುಗಿದು ಕಂಕಣ ಬಿಚ್ಚಿದ ಮೇಲೆ ಬಾಸಿಂಗವನ್ನು ಎಸೆಯುವುದಿಲ್ಲ; ದೇವರ ಕೋಣೆಯ ಮುಂದಿನ ಕಂಬಕ್ಕೆ ಕಟ್ಟುತ್ತಾರೆ. ಶಿವರಂಜನಿಯ ತವರುಮನೆಯ ಕಂಬದಲ್ಲೂ ಅವಳ ಅಜ್ಜಿಯ ಕಾಲದವು ಧೂಳು ತಿನ್ನುತ್ತ ಇದ್ದವು. ದಿನಾ ಕಣ್ಣೆದುರಿಗೆ ಇರುವುದರಿಂದ ಯಾರಿಗೂ ಅವು ಕಾಣುವುದಿಲ್ಲ.

"ಅಕ್ಷತಿ ಬೀಳೋ ಹೊತ್ತಿಗೆ ಬಾಸಿಂಗ ಮದುಮಗಳ ಹಣಿ ಮ್ಯಾಲ ಐತಿ. ಅದ ಹೊತ್ತಿಗೆ ಸುಶ್ಮಿತಾ ಸತ್ತಾಳ ಅಂತಾರ," ಎಂದಳು ನಿಧಾನವಾಗಿ. "ಈ ಮುಖದ ಹಿಂದ ಬಾಸಿಂಗ ಕಂಬಕ್ಕ ಬಂದೈತಿ."

ಇಜಾಜನ ನಗು ಆರಿಹೋಯಿತು. ಮಾಸುಮಬಿ ಪರದೆಯತ್ತ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು. "ಅಂದ್ರ ಸತ್ತ ಮ್ಯಾಲ ತಗದಾರೇನವ್ವಾ?"

"ಸತ್ತಿಲ್ಲ ಚಾಚಿ."

ಕಾರು ಮುಂಡರಗಿ ದಾಟಿ ಹಿರೇವಡ್ಡಟ್ಟಿಯ ದಾರಿ ಹಿಡಿಯಿತು. ಕಪ್ಪತಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ಎರೆ ಹೊಲದಲ್ಲಿ ಸೂರ್ಯಕಾಂತಿ ಒಣಗಿ ತಲೆ ಕೆಳಗೆ ಹಾಕಿ ನಿಂತಿತ್ತು. ಶಿವರಂಜನಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹುಡುಗಿ ಬದುಕಿದ್ದರೆ ಹೊನ್ನೇಶ ಹೊರಗೆ ಬರುತ್ತಾನೆ. ಬದುಕಿದ್ದವಳನ್ನು ಮುಚ್ಚಿಟ್ಟವರು ಯಾರು, ಯಾಕೆ?

ಹಿರೇವಡ್ಡಟ್ಟಿಗೆ ಬಂದಾಗ ಅವಳು ದಾರಿ ಕೇಳಲು ಕಿಟಕಿ ಇಳಿಸಿದಳು. ಅಷ್ಟರೊಳಗೆ ಹನಮಂತ ಹನಮಪ್ಪನ ಗುಡಿಯ ಹತ್ತಿರ ಹೊರಳಿ, ಎರಡು ಸಂದಿ ದಾಟಿ, ಸಾಹುಕಾರನ ಮನೆಯ ಮುಂದೆಯೇ ಗಾಡಿ ನಿಲ್ಲಿಸಿದ.

"ಮೊದಲ ಬಂದಿದ್ದೇನೋ ಈ ಊರಿಗೆ?"

"ಇಲ್ಲರಿ. ಇಲ್ಲಿ ಕಾಲ ಇಟ್ಟಿಲ್ಲ. ದೊಡ್ಡ ಮನಿ, ಕಂಡ ಕಾಣತೈತೆಲ್ಲ."

ಅವಳ ತಲೆ ತುಂಬ ಬಾಸಿಂಗವೇ ಇತ್ತು. ಹೌದೆನ್ನಿಸಿ ಇಳಿದಳು.

ಗಂಡಸರು ಯಾರೂ ಇರಲಿಲ್ಲ. ವಿರೂಪಾಕ್ಷಪ್ಪ ಮುಂಡರಗಿಯ ಅಂಗಡಿಗೆ ಹೋಗಿದ್ದ, ಕೊಟ್ರೇಶ ಹೆಂಡತಿಯೊಂದಿಗೆ ಬೀಗರ ಊರಿಗೆ. ಮನೆಯಲ್ಲಿದ್ದದ್ದು ಸುಶ್ಮಿತಾಳ ತಾಯಿ ನೀಲಗಂಗವ್ವ ಒಬ್ಬಳೇ. ಅವಳು ಬಾಗಿಲಲ್ಲೇ ನಿಂತು, "ಅವರು ಇಲ್ಲರಿ, ನಾಳೆ ಬರ್ರಿ," ಎಂದಳು.

"ನಿಮ್ಮ ಹತ್ರನ ಮಾತಾಡೋದೈತ್ರಿ," ಎನ್ನುತ್ತಲೇ ಶಿವರಂಜನಿ ಒಳಗೆ ನುಗ್ಗಿದಳು. ನಡುಮನೆಯ ಬಾಗಿಲುಗಳು ಎರಡೂ ಕಡೆ ಗಿಡ್ಡ. ಅವಳ ಹಣೆ ಚೌಕಟ್ಟಿಗೆ ಫಟ್ಟೆಂದು ಬಡಿಯಿತು.

"ಹೊಸಬರೆಲ್ಲ ಅಲ್ಲೇ ಹಣಿ ಬಡಕೊಳ್ತಾರ," ಎಂದಳು ನೀಲಗಂಗವ್ವ, ತನಗರಿಯದೆ ಮೆತ್ತಗಾಗಿ.

ಹಣೆ ಉಜ್ಜಿಕೊಳ್ಳುತ್ತ ಶಿವರಂಜನಿ ಕಂಬ ನೋಡಿದಳು. ಮೂರು ತಲೆಮಾರಿನ ಬಾಸಿಂಗಗಳು. ಎಲ್ಲಕ್ಕಿಂತ ಮುಂದೆ ಹೊಸದು, ಹಸಿರು ದಾರದ್ದು. ಎಲ್ಲೋ ಒಳಗೆ ನಲ್ಲಿಯ ಹನಿ ಬೀಳುತ್ತಿತ್ತು.

ಎದುರು ಗೋಡೆಯಲ್ಲಿ ಸುಶ್ಮಿತಾ ಇದ್ದಳು.

ಚೌಕಟ್ಟು ಹಾಕಿಸಿದ ದೊಡ್ಡ ಫೋಟೋ. ಎತ್ತಿದ ತಲೆ, ಸ್ವಲ್ಪ ತೆರೆದ ತುಟಿ. ಪೆನ್‌ಡ್ರೈವಿನ ಅದೇ ಮುಖ. ಕಿವಿಯ ಪಕ್ಕ ಅದೇ ಬೇಗಡೆಯ ಮಸುಕು ಹೊಳಪು. ಸತ್ತವಳ ನೆನಪಿಗೆಂದು ಗೋಡೆಗೆ ತೂಗುಹಾಕಿದ ಫೋಟೋ, ಅವಳು ಸತ್ತಳೆಂದ ದಿನ ಕಳೆದ ಮೇಲೆ ತೆಗೆದದ್ದು.

"ಈ ಫೋಟೋ ಯಾರು ಕೊಟ್ರಿ?"

"ನನ್ನ ಫೋನಿನ್ಯಾಗ ಒಂದು ವಿಡಿಯೋ ಇತ್ತು, ಅದರಾಗಿಂದು. ಗ್ವಾಡಿಗೆ ಒಂದ ಫೋಟೋ ಬೇಕಂತ ಅವರು ಹಟ ಹಿಡದ್ರು. ಬ್ಯಾರೆ ಎಲ್ಲಾದರಾಗೂ ಆಕಿ ನಾಕು ಮಂದಿ ನಡುವ ಇದ್ಲು. ಒಬ್ಬಾಕಿನ ಇದ್ದದ್ದು ಇದೊಂದರಾಗ."

ಶಿವರಂಜನಿಯ ಕಣ್ಣು ಇನ್ನೊಂದು ಕಡೆ ನೆಟ್ಟಿತು. ಫೋಟೋದ ಪಕ್ಕ ಬೇರೊಂದು ಮೊಳೆ. ಆ ಮೊಳೆಗೆ ಚೆಂಡುಹೂವಿನ ಮಾಲೆ, ಬೆಳಿಗ್ಗೆ ಕಟ್ಟಿದ್ದು. ಕೆಳಗೆ ಒಣಗಿದ ಎಸಳು ಬಹಳ ಬಿದ್ದಿದ್ದವು. ದಿನಾ ಮಾಲೆ ಬರುತ್ತಿತ್ತು, ದಿನಾ ಆ ಮೊಳೆಗೇ ಬೀಳುತ್ತಿತ್ತು. ಚೌಕಟ್ಟಿನ ಮೇಲೆ ಹೂವಿನ ಕಲೆ ಒಂದೂ ಇರಲಿಲ್ಲ.

"ಮಾಲಿ ಯಾಕ ಬಾಜೂಕ ಹಾಕೀರಿ?"

"ಚೌಕಟ್ಟ ಜಾರತೈತ್ರಿ."

"ನಾ ಹಿಡಕೊಂತೀನಿ. ಹಾಕ್ರಿ ನೋಡೋಣ."

ನೀಲಗಂಗವ್ವ ಅಲುಗಲಿಲ್ಲ. ಶಿವರಂಜನಿ ತಾನೇ ಮಾಲೆ ಬಿಚ್ಚಿ ಅವಳ ಕೈಗೆ ಕೊಟ್ಟಳು. ಕ್ರೂರ ಕೆಲಸ, ಮಾಡುವಾಗಲೇ ಅವಳಿಗೆ ತನ್ನ ಮೇಲೆ ಹೇಸಿಕೆ ಬಂತು. ಆದರೂ ಮಾಡಿದಳು.

"ಸತ್ತ ಮಗಳಿಗೆ ಹೆತ್ತಾಕಿ ಒಂದು ಮಾಲಿ ಹಾಕಾಕ ಏನ್ರಿ ಅಡ್ಡಿ?"

ನೀಲಗಂಗವ್ವನ ಕೈ ಫೋಟೋದವರೆಗೆ ಹೋಯಿತು. ಗಾಜಿಗೆ ಇನ್ನೇನು ತಾಗಬೇಕು, ನಿಂತಿತು. ಅವಳು ಮಾಲೆಯನ್ನು ಮೊಳೆಗೆ ಹಾಕಲು ಹೋದಳು, ಅದೂ ಆಗಲಿಲ್ಲ. ಎದೆಗೆ ಒತ್ತಿಕೊಂಡು ಕುಸಿದು ಕುಳಿತಳು.

"ಆಗಂಗಿಲ್ಲರಿ. ಬದುಕಿದ ಕೂಸಿಗೆ ಹ್ಯಾಂಗ ಹಾಕಲಿ?"

ಶಿವರಂಜನಿ ಅವಳೆದುರು ನೆಲಕ್ಕೆ ಕುಳಿತಳು.

"ಚಪ್ಪಲಿ ಬಾವಿಗೆ ಹಾಕಿದಾಕಿ ನಾನ," ಎಂದಳು ನೀಲಗಂಗವ್ವ. "ಅಕ್ಷತಿ ಹೊತ್ತಿನ್ಯಾಗ ಆಕಿ ಹಿತ್ತಲಕ್ಕ ಹೋಗಿದ್ಲು. ಅಲ್ಲಿ ಏನ ನೋಡಿದ್ಲೋ, ಓಡಿ ಬಂದು ನನ್ನ ಸೆರಗ ಹಿಡಕೊಂಡ್ಲು. 'ಯವ್ವಾ, ನಾ ಅವ್ನ ನೋಡೀನಿ, ಅವಾ ನನ್ನ ನೋಡ್ಯಾನ, ನನ್ನ ಬಿಡಂಗಿಲ್ಲ,' ಅಂದ್ಲು. ಯಾರಂದ್ರ ಬಾಯಿ ಬಿಡಲಿಲ್ಲ. ಅವನ ಹೆಸರು ಗೊತ್ತಿಲ್ಲ, ಮಾರಿ ಅಷ್ಟ ಗೊತ್ತು ಅಂತಾಳ. ಸತ್ತಾಳ ಅಂತ ತಿಳದ್ರ ಹುಡುಕಂಗಿಲ್ಲಲ್ಲ ಅಂತ ನಾನು… ಕಂಕಣ ಬಿಚ್ಚೋ ತನ ಅಟ್ಟದ ಮ್ಯಾಲ ಮುಚ್ಚಿಟ್ಟಿದ್ದೆ. ಅವರಪ್ಪಗೂ ಹೇಳಿಲ್ಲ."

"ಮುದುಕವ್ವನ ಮಗ ಜೈಲಿನ್ಯಾಗ ಕುಂತಾನ. ಆಕಿನೂ ತಾಯಿ ಅಲ್ಲೇನ್ರಿ?"

ನೀಲಗಂಗವ್ವ ತಲೆ ಎತ್ತಿದಳು. ಕಣ್ಣಲ್ಲಿ ನೀರು ಇತ್ತು, ಪಶ್ಚಾತ್ತಾಪ ಇತ್ತೋ ಇಲ್ಲವೋ ಹೇಳಲಾಗದು. "ಗೊತ್ತೈತ್ರಿ. ದಿನಾ ಉಣ್ಣೋವಾಗ ನೆನಸ್ತೀನಿ. ಆಕಿ ಮಗಾ ಜೀವಂತರ ಅದಾನ, ನನ್ನ ಮಗಳನ್ನ ಅವಾ ಕೊಲ್ಲತಾನ ಅಂತ ಮನಸ್ಸಿಗೆ ಹೇಳ್ಕೊಂಡೆ. ಪಾಪ ಮಾಡೀನಿ. ಹೌದು."

"ಆಕಿ ಎಲ್ಲದಾಳ ಹೇಳ್ರಿ. ಒಂದ ಸಲ ಆಕಿನ್ನ ಮುಂದ ನಿಲ್ಲಿಸಿದ್ರ ಹೊನ್ನೇಶ ಮನಿಗೆ ಬರತಾನ. ನಿಮ್ಮ ಮಗಳ ಮೈಗೆ ಗಾಳಿ ತಾಗದಂಗ ನಾ ಕರಕೊಂಡು ಬರ್ತೀನಿ. ನನ್ನ ಮಾತು."

ನೀಲಗಂಗವ್ವ ಬಹಳ ಹೊತ್ತು ಹೂವು ಕಿತ್ತಳು. ಆಮೇಲೆ ಎದೆಯ ಮೇಲಿನ ಕಲ್ಲು ಇಳಿಸಿದವಳಂತೆ ಗಟ್ಟಿಯಾಗಿಯೇ ಹೇಳಿಬಿಟ್ಟಳು. "ಲಕ್ಷ್ಮೇಶ್ವರದಾಗ. ನಮ್ಮಕ್ಕ ಚನ್ನಮ್ಮನ ಮನಿಯಾಗ. ಸೋಮೇಶ್ವರ ಗುಡಿ ಹಿಂದಿನ ಓಣಿ, ನೀಲಿ ಬಾಗಲಾ."

ಇನ್ನೊಂದೇ ಒಂದು ಗಂಟು ಉಳಿದಿತ್ತು.

"ಈ ವಿಡಿಯೋ ಯಾವಾಗ ತಗದ್ರಿ?"

"ಕಳಸೋ ದಿನ ನಸಕಿನ್ಯಾಗ. ಮತ್ತ ಯಾವಾಗ ನೋಡತೀನೋ ಅಂತ ಫೋನ್ ಹಿಡದೆ. ನಕ್ಕೊಂತ ಇದ್ದಾಕಿ ಒಮ್ಮೆಲೆ ಹಿಂಗ ತಲಿ ಎತ್ತಿದ್ಲು. ನಾ ತಿರುಗಿ ನೋಡಿದೆ, ಯಾರೂ ಇದ್ದಿದ್ದಿಲ್ಲ. ಹಿತ್ತಲ ಬಾಗಲಾ ಅಷ್ಟ ತಗದಿತ್ತು. ಗಡಿಬಿಡಿಯೊಳಗ ಹಾಂಗ ಆಕಿನ್ನ ಕಳಿಸಿಬಿಟ್ಟೆ. ಆವತ್ತ ಫೋನ್ ಕಳೀತ್ರಿ. ಮರುದಿನ ಬಾವಿ ಕಟ್ಟಿ ಮ್ಯಾಲ ಸಿಕ್ತು."

ಶಿವರಂಜನಿ ಎದ್ದಳು. ಕಂಬದ ಮುಂದೆ, ಸುಶ್ಮಿತಾ ನಿಂತಿದ್ದ ಜಾಗದಲ್ಲಿ ನಿಂತಳು. ನೀಲಗಂಗವ್ವನನ್ನು ಫೋನು ಹಿಡಿದಿದ್ದ ಜಾಗಕ್ಕೆ ಕರೆದಳು. ಊರವರೆಲ್ಲ ಆ ಮುಖದ ಹಿಂದೆ ಮುಂದೆ ಏನೇನೋ ಅಂಟಿಸಿ ನೋಡಿದ್ದರು. ಕುಡಗೋಲು, ಅಪ್ಪ, ಬಾವಿ, ಹೋಳಿಗೆ. ಸುಶ್ಮಿತಾ ನಿಜವಾಗಿ ಕಂಡದ್ದನ್ನು ಯಾರೂ ನೋಡಿರಲಿಲ್ಲ. ಒಬ್ಬನ ಹೊರತು.

ಆಗ ಶಿವರಂಜನಿಗೆ ಸ್ಟುಡಿಯೋ ನೆನಪಾಯಿತು. ಮಾಸುಮಬಿಗೆ ಮೂವರು ಹುಡುಗಿಯರು ಕಂಡಿದ್ದರು. ತನಗೂ ಕಂಡಿದ್ದರು. ಮುಖಕ್ಕೆ ಮೊದಲಿನ ಚಿತ್ರ ಬದಲಾದರೂ ಮುಖ ಬದಲಾಗದೆ ಇದ್ದದ್ದು ಒಬ್ಬನಿಗೇ. ಪರದೆಯ ಮೇಲೆ ಏನು ಬಂದರೂ ಅವನಿಗೆ ಬೇಕಿರಲಿಲ್ಲ, ಆ ನೋಟ ಯಾರ ಮೇಲೆ ಬಿದ್ದಿತ್ತೆಂದು ಅವನಿಗೆ ಮೊದಲೇ ಗೊತ್ತಿತ್ತು.

ಗುರ್ತು ಹಿಡದಾಳರಿ.

ಸುಶ್ಮಿತಾ ಎತ್ತಿದಂತೆಯೇ ಶಿವರಂಜನಿ ತಲೆ ಎತ್ತಿದಳು. ನೀಲಗಂಗವ್ವನ ಹೆಗಲ ಮೇಲಿಂದ, ಉದ್ದನೆಯ ಕತ್ತಲ ಪಡಸಾಲೆಯ ತುದಿಯಲ್ಲಿ, ಹಿತ್ತಲ ಬಾಗಿಲು ಬೆಳ್ಳಗೆ ತೆರೆದಿತ್ತು. ಆ ಬೆಳಕನ್ನು ಒಬ್ಬ ಮನುಷ್ಯ ತುಂಬಿ ನಿಂತಿದ್ದ. ಅವನು ನಡೆದು ಬಂದ. ನಡುಮನೆಯ ಆ ಕಡೆಯ ಗಿಡ್ಡ ಬಾಗಿಲು ಬಂದಾಗ, ಮೇಲೆ ನೋಡದೆಯೇ, ರೂಢಿಯಾದವನಂತೆ ತಲೆ ಬಗ್ಗಿಸಿದ.

ಪೆನ್‌ಡ್ರೈವು ಕಳಿಸಿದವನಿಗೆ ಬೇಕಾಗಿದ್ದದ್ದು ಕೊಲೆಗಾರ ಅಲ್ಲ, ಒಂದು ವಿಳಾಸ. ಅದನ್ನು ಹುಡುಕಿಸಲು ಅವನು ಒಬ್ಬ ಪತ್ತೇದಾರಿಣಿಯನ್ನು ದಿನಾ ಗಾಡಿಯಲ್ಲಿ ಕೂರಿಸಿಕೊಂಡು ತಿರುಗಿದ್ದ. ವಿಳಾಸ ಈಗಷ್ಟೇ ಈ ಮನೆಯೊಳಗೆ ಗಟ್ಟಿ ದನಿಯಲ್ಲಿ ಹೊರಬಿದ್ದಿತ್ತು, ಅವಳ ಮಾತಿನ ಮೇಲೆ ನಂಬಿಕೆ ಇಟ್ಟ ತಾಯಿಯ ಬಾಯಿಂದ.

ಹನಮಂತನ ಬೆರಳಲ್ಲಿ ಕಾರಿನ ಕೀಲಿ ತೂಗುತ್ತಿತ್ತು. ಯಾವಾಗಿನಂತೆ ವಿನಯದಿಂದಲೇ ಕೇಳಿದ.

"ಲಕ್ಷ್ಮೇಶ್ವರಕ್ಕಲ್ರಿ ಮ್ಯಾಡಮ್? ಗಾಡಿ ತಿರುವಿ ನಿಂದರಿಸೀನಿ."